ಬಂಡೀಪುರಕ್ಕೆ ಹೊರಟವರು ಹೆಡಿಯಾಲವನ್ನೂ ನೆನೆಯಲಿ

ನಂಜನಗೂಡು: ಭಾನುವಾರ ಬಂತೆಂದರೆ ಸಾಕು, ಕೋಳಿ ಕೂಗುವ ಹೊತ್ತಿಗೇ ಕಪಿಲಾ ಸೇತುವೆ ದಾಟಿ ದಕ್ಷಿಣಕ್ಕೆ ಓಡುವ ಕಾರು, ವ್ಯಾನು, ಬೈಕುಗಳ ಸಾಲು ಶುರುವಾಗುತ್ತದೆ. ಟಿ. ನರಸೀಪುರದ ಕಡೆಯಿಂದ ಬಂದವರೂ ಇಲ್ಲೇ ಸೇರಿಕೊಳ್ಳುತ್ತಾರೆ. ಬುತ್ತಿಯಲ್ಲಿ ಚಿತ್ರಾನ್ನ, ಮಕ್ಕಳ ಕೊರಳಲ್ಲಿ ದುರ್ಬೀನು, ದೊಡ್ಡವರ ಕೈಯಲ್ಲಿ ಕ್ಯಾಮರಾ ಫೋನು. ಎಲ್ಲಿಗೆ ಸವಾರಿ ಎಂದರೆ ಉತ್ತರ ಒಂದೇ. "ಬಂಡೀಪುರಕ್ಕೆ, ಹುಲಿ ನೋಡಕ್ಕೆ!"

ಸಂಜೆ ಇದೇ ಗಾಡಿಗಳು ವಾಪಸು ಬರುತ್ತವೆ. ಟೀ ಅಂಗಡಿ ಮುಂದೆ ಇಳಿದವರಿಗೆ ಪರಿಚಯದವರು ಕೇಳುವ ಪ್ರಶ್ನೆಯೂ ಒಂದೇ. "ಕಾಣ್ತಾ?" ಕಂಡಿದ್ದರೆ ಮುಖ ಊರಗಲ. ಕಾಣದಿದ್ದರೆ, "ಅಯ್ಯೋ ಬಿಡಿ ಸ್ವಾಮಿ, ದುಡ್ಡು ದಂಡ. ಬರೀ ಜಿಂಕೆ!" ಎಂಬ ಗೊಣಗಾಟ.

ಅದೇ ಸಂಜೆ, ಇದೇ ನಂಜನಗೂಡು ತಾಲ್ಲೂಕಿನ ಇನ್ನೊಂದು ತುದಿಯಲ್ಲಿ, ಹೆಡಿಯಾಲದ ಸುತ್ತಿನ ಹಳ್ಳಿಗಳಲ್ಲಿ ರೈತ ಕಂಬಳಿ, ಟಾರ್ಚು, ತಮಟೆ ಹಿಡಿದು ಹೊಲದ ಅಟ್ಟಣೆ ಹತ್ತುತ್ತಾನೆ. ಅವನೂ ಕಾಡಿನ ಕಡೆಗೇ ಕಣ್ಣು ನೆಟ್ಟು ರಾತ್ರಿಯೆಲ್ಲ ಕೂರುತ್ತಾನೆ. ಆದರೆ ಅವನ ಪ್ರಾರ್ಥನೆ ಬೇರೆ. "ಈವತ್ತೊಂದು ರಾತ್ರಿ ಏನೂ ಬರದೇ ಇರಲಪ್ಪಾ ನಂಜುಂಡ."

ನೋಡಲೇಬೇಕೆಂದು ಟಿಕೆಟ್ಟು ಕೊಂಡವನಿಗೆ ಕಾಣದು. ನೋಡಲೇಬಾರದೆಂದು ಹರಕೆ ಹೊತ್ತವನ ಹೊಲಕ್ಕೇ ಬಂದು ನಿಲ್ಲುವುದು! ಒಂದೇ ಕಾಡಿನ ಈ ಎರಡು ಮುಖಗಳನ್ನು ಒಟ್ಟಿಗೆ ನೋಡಿದವರು ಎಷ್ಟು ಮಂದಿ?

ಬೇಟೆ ಕಾಡು ಹುಲಿ ಕಾಡಾದದ್ದು

ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಮಹಾರಾಜರ ಆಡಳಿತವೇ ಇದರ ಒಂದು ಭಾಗವನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾಪಾಡಲು ಆರಂಭಿಸಿತು. ಬೆಟ್ಟದ ಮೇಲಿನ ಕೊಳಲು ಹಿಡಿದ ಸ್ವಾಮಿಯ ಹೆಸರೇ ಕಾಡಿಗೂ ಬಂತು. 1973ರಲ್ಲಿ ಭಾರತ ಸರ್ಕಾರ ಹುಲಿ ಯೋಜನೆ ಪ್ರಾರಂಭಿಸಿದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಸುಮಾರು 870 ಚದರ ಕಿಲೋಮೀಟರ್ ಹರಡಿದ ಈ ರಾಷ್ಟ್ರೀಯ ಉದ್ಯಾನ ಆಗ ಅವಿಭಜಿತ ಮೈಸೂರು ಜಿಲ್ಲೆಯದು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದ ಮೇಲೆ ಹೆಚ್ಚು ಪಾಲು ಅತ್ತ ಹೋಯಿತು. ಆದರೂ ಹೆಡಿಯಾಲದ ಪಾಲು ನಂಜನಗೂಡು ತಾಲ್ಲೂಕಿನಲ್ಲೇ ಉಳಿದಿದೆ. 'ಬಂಡೀಪುರ ಬೇರೆ ಜಿಲ್ಲೆ ಬಿಡಿ' ಎನ್ನುವವರು ಇದನ್ನು ಮರೆಯುತ್ತಾರೆ.

ಕಾಡು ಕಾಪಾಡಿದ್ದರ ಫಲ ಅಂಕಿಯಲ್ಲೇ ಇದೆ. 2022ರ ಅಖಿಲ ಭಾರತ ಹುಲಿ ಗಣತಿಯ ಪ್ರಕಾರ ಕರ್ನಾಟಕದ ಹುಲಿಗಳು 563. ಬಂಡೀಪುರ ಒಂದರಲ್ಲೇ 150. ಪಕ್ಕದ ನಾಗರಹೊಳೆಯಲ್ಲಿ 141. 2023ರ ಆನೆ ಗಣತಿಯಲ್ಲಿ ರಾಜ್ಯದ ಆನೆಗಳು 6395 ಎಂದಾಯಿತು. ಆನೆ ಸಂಖ್ಯೆಯಲ್ಲಿ ದೇಶಕ್ಕೇ ನಾವು ಮೊದಲು. ಇದು ಹೆಮ್ಮೆಯ ಮಾತೇ ಸರಿ. ಆದರೆ ಈ ಹೆಮ್ಮೆಯ ಬಿಲ್ಲು ಕಟ್ಟುತ್ತಿರುವವರು ಯಾರು ಎಂಬುದು ಮುಂದಿನ ಮಾತು.

ಹೋಗುವ ದಾರಿ, ಹೋಗುವ ಕಾಲ

ಮೈಸೂರಿನಿಂದ ಬಂಡೀಪುರಕ್ಕೆ ಸುಮಾರು 80 ಕಿಲೋಮೀಟರ್. ನಂಜನಗೂಡಿನವರಿಗೆ ಅದರಲ್ಲಿ ಇಪ್ಪತ್ತನಾಲ್ಕು ಉಳಿತಾಯ. ಬೇಗೂರು ದಾಟಿ ಗುಂಡ್ಲುಪೇಟೆ. ಅಲ್ಲಿ ರಸ್ತೆ ಎರಡಾಗಿ ಒಡೆಯುತ್ತದೆ. ಒಂದು ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ. ಊಟಿ ರಸ್ತೆಯಲ್ಲಿ ಹಂಗಳ ಕಳೆದರೆ ಬಂಡೀಪುರ. ಬತ್ತೇರಿ ರಸ್ತೆಯಾದರೋ ನರಸೀಪುರದ ಸ್ವಂತ ನೆಂಟ. ಕೊಳ್ಳೇಗಾಲದಿಂದ ಹೊರಟು ನರಸೀಪುರ, ಮೈಸೂರು, ನಂಜನಗೂಡು ದಾಟಿ ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿಯೇ ಅದು.

ಒಂದು ಎಚ್ಚರ. 2009ರಿಂದ ಈ ಎರಡು ರಸ್ತೆಗಳಲ್ಲೂ ಕಾಡಿನ ಭಾಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಲಾರಿ ಬಸ್ಸುಗಳ ಚಕ್ರಕ್ಕೆ ರಾತ್ರಿ ಹೊತ್ತು ಸಿಕ್ಕಿ ಸಾಯುತ್ತಿದ್ದ ಜಿಂಕೆ, ಚಿರತೆ, ಆನೆಮರಿಗಳನ್ನು ಕಂಡು ಹೇರಿದ ನಿಷೇಧ ಅದು. 2010ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು. ತುರ್ತು ವಾಹನ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ರಿಯಾಯಿತಿ. 'ಹತ್ತು ನಿಮಿಷ ತಡವಾದರೆ ಏನೀಗ?' ಎಂದು ಚೆಕ್‌ಪೋಸ್ಟಿನಲ್ಲಿ ಜಗಳ ಕಾಯುವುದು ನಮ್ಮವರಿಗೆ ಶೋಭೆಯಲ್ಲ.

ಮಳೆ ಮುಗಿದ ಅಕ್ಟೋಬರ್, ನವೆಂಬರಿನಲ್ಲಿ ಕಾಡು ಹಸಿರು. ಕಣ್ಣಿಗೆ ತಂಪು, ಆದರೆ ಪೊದೆ ದಟ್ಟ, ಪ್ರಾಣಿ ಮರೆ. ಶಿವರಾತ್ರಿ ಹತ್ತಿರವಾದಂತೆ ಎಲೆ ಉದುರಿ ಕಾಡು ಬರಿದಾಗುತ್ತದೆ, ಪ್ರಾಣಿಗಳು ಕೆರೆ ಕಟ್ಟೆಗೆ ನೀರಿಗೆ ಬರುತ್ತವೆ. ಕಾಣುವುದು ಆಗಲೇ ಹೆಚ್ಚು. ಬೆಂಕಿ ಬೀಳುವುದೂ ಆಗಲೇ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟು ಕರಕಲಾದದ್ದನ್ನು ಯಾರೂ ಮರೆತಿಲ್ಲ. ಎಸೆದ ಒಂದು ಬೀಡಿ ತುಂಡು ಸಾಕು. ಒಣಗಿದ ಲಂಟಾನ ಪೊದೆ ಸೀಮೆಎಣ್ಣೆ ಸುರಿದಂತೆ ಉರಿಯುತ್ತದೆ.

ಕಾಡೆಂದರೆ ಹುಲಿಯೊಂದೇ ಅಲ್ಲ

ಸಫಾರಿ ಬೆಳಿಗ್ಗೆ, ಸಂಜೆ ಎರಡೇ ಹೊತ್ತು. ಸ್ವಂತ ಗಾಡಿಗೆ ಒಳಗೆ ಪ್ರವೇಶವಿಲ್ಲ. ಇಲಾಖೆಯ ಬಸ್ಸು, ಜೀಪುಗಳೇ ಗತಿ. ಹೊರಡುವ ಮುನ್ನ ಇಲಾಖೆಯನ್ನು ವಿಚಾರಿಸಿಕೊಂಡೇ ಹೊರಡುವುದು ಜಾಣತನ. ಸಫಾರಿಯನ್ನೇ ನಿಲ್ಲಿಸಿದ ಸಂದರ್ಭವೂ ಉಂಟು. ಅದರ ಕತೆ ಕೆಳಗಿದೆ.

ಒಳಹೊಕ್ಕವರು ಹುಲಿ ಹುಲಿ ಎಂದು ಜಪಿಸುತ್ತ ಉಳಿದದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಕಾಲಿಗೆ ಬಿಳಿ ಕಾಲುಚೀಲ ತೊಟ್ಟಂತೆ ನಿಲ್ಲುವ ಕಾಟಿ, ಗುಂಪು ಕಟ್ಟಿ ಬೇಟೆಯಾಡುವ ಸೀಳುನಾಯಿ, ಹುತ್ತ ಬಗೆಯುವ ಕರಡಿ, ಕಡವೆ, ಮುಸುವ, ನವಿಲು... ಇವು ಕಡಿಮೆಯವೇ? ಹುಲಿ ಇದೆಯೆಂದು ಸುದ್ದಿ ಮುಟ್ಟಿಸುವುದೂ ಇವೇ. ಮರದ ಮೇಲಿನ ಮುಸುವ ಒಂದು ಬಗೆಯಲ್ಲಿ ಕೆಮ್ಮಿದರೆ, ಜಿಂಕೆ ಕಿವಿ ನಿಮಿರಿಸಿ ಕೂಗಿದರೆ, ಹಳೇ ಚಾಲಕ ಗಾಡಿ ನಿಲ್ಲಿಸಿಬಿಡುತ್ತಾನೆ. ಆಗ ಗಾಡಿಯೊಳಗೆ ಯಾರೋ ಒಬ್ಬರು "ಎಲ್ರೀ? ಎಲ್ರೀ?" ಎಂದು ಅರಚುತ್ತಾರೆ. ಹುಲಿರಾಯ ಬಾಲ ತಿರುಗಿಸಿ ಹೊರಟೇಹೋಗುತ್ತಾನೆ!

ತೇಗ, ಹೊನ್ನೆ, ಮತ್ತಿ, ದಿಂಡಿಗ, ಬಿದಿರು ಯಾವುದೆಂದು ತೋರಿಸಬಲ್ಲವರು ಅಲ್ಲಿನ ಕಾವಲುಗಾರರು. ಅವರಲ್ಲಿ ಜೇನುಕುರುಬ, ಸೋಲಿಗ ಮನೆತನದವರೂ ಇದ್ದಾರೆ. ಹಿಂದೆ ಇವರ ಹಾಡಿಗಳು ಕಾಡಿನೊಳಗೇ ಇದ್ದವು. ಉದ್ಯಾನಕ್ಕಾಗಿ ಹೊರಗೆ ಬಂದವರು ಅವರು. ಇಂದು ಅವರ ಮಕ್ಕಳು ಬೆಂಕಿ ರೇಖೆ ಸವರುತ್ತಾರೆ, ಹೆಜ್ಜೆ ಗುರುತು ಹಿಡಿಯುತ್ತಾರೆ. ಅವರನ್ನು ಮಾತಾಡಿಸಿದರೆ ಹುಲಿ ಕಾಣದಿದ್ದರೂ ಕೊಟ್ಟ ದುಡ್ಡು ಬಡ್ಡಿ ಸಮೇತ ವಸೂಲು.

ಬೆಟ್ಟದ ಮೇಲೆ ಗೋಪಾಲ, ಚಾರಣಕ್ಕೆ ಬೀಗ

ಬಂಡೀಪುರದ ಅತಿ ಎತ್ತರದ ಜಾಗ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ 1454 ಮೀಟರ್. ಹಂಗಳದ ಬಳಿ ತಿರುಗಿದರೆ ಬೆಟ್ಟದ ಬುಡ. ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸು ಮಾತ್ರ. ಗುಡಿ ಹೊಯ್ಸಳರ ಕಾಲದ್ದೆಂದು ಪ್ರತೀತಿ. ಮಂಜು ಮುಸುಕಿದ ದಿನ ಹತ್ತು ಮಾರು ದೂರದ ಮನುಷ್ಯ ಕಾಣನು. ಮಂಜು ಸರಿದರೆ ಹುಲ್ಲುಗಾವಲಿನ ಬೋಳು ಬೆಟ್ಟಗಳು, ಅವುಗಳ ಸಂದಿಯಲ್ಲಿ ಮಡಚಿಟ್ಟಂತೆ ಶೋಲಾ ಕಾಡು, ಆಚೆಗೆ ನೀಲಗಿರಿಯ ಗೋಡೆ. ಕೆಲವೊಮ್ಮೆ ಆನೆ ಗುಡಿಯ ಹತ್ತಿರಕ್ಕೇ ಬರುವುದುಂಟು.

ಇಲ್ಲಿ ನಿಂತ ಹುಡುಗರಿಗೆ ಕಾಲು ತುರಿಸುತ್ತದೆ. 'ಆ ಗುಡ್ಡ ಹತ್ತಿಬಿಡೋಣ ಕಣೋ!' ಹತ್ತುವಂತಿಲ್ಲ. ಹುಲಿ ರಕ್ಷಿತ ಕಾಡಿನಲ್ಲಿ ಅನುಮತಿಯಿಲ್ಲದೆ ಕಾಲ್ನಡಿಗೆ ಅಪರಾಧ. ಇದು ಬರೀ ಕಾನೂನಿನ ಮಾತಲ್ಲ. ಗಾಡಿಯನ್ನು ನೋಡಿ ಸುಮ್ಮನಿರುವ ಆನೆ ಎರಡು ಕಾಲಿನ ಮನುಷ್ಯನನ್ನು ಕಂಡರೆ ಸುಮ್ಮನಿರುವುದಿಲ್ಲ. ಆನೆಯ ಓಟಕ್ಕೆ ಮನುಷ್ಯನ ಓಟ ಸಾಟಿಯೂ ಅಲ್ಲ.

ನಡೆಯುವ ಚಪಲವೇ ಇದ್ದರೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿದೆ. ನರಸೀಪುರದವರಿಗೆ ಮುಡುಕುತೊರೆ ಮಲ್ಲಿಕಾರ್ಜುನನ ಬೆಟ್ಟ ಮನೆ ಬಾಗಿಲಲ್ಲೇ ಇದೆ. ಹತ್ತಿ ನಿಂತರೆ ಕೆಳಗೆ ಕಾವೇರಿ. ದೂರದ ಮಲೆನಾಡ ಶಿಖರಗಳಿಗೆ ಹೋಗುವವರೂ ಈಗ ಇಲಾಖೆಯಲ್ಲಿ ಮುಂಗಡ ಟಿಕೆಟ್ಟು ಪಡೆದೇ ಹೋಗಬೇಕು. ಕಾಡೆಲ್ಲ ತುಳಿದೇ ನೋಡಬೇಕೆಂಬ ಹಟವೇಕೆ?

ರಸ್ತೆಯಲ್ಲಿ ಪುಂಡಾಟ

ಕಾಡಿನೊಳಗೆ ಕಾವಲುಗಾರನಿಗೆ ಹೆದರುವವರು ಹೆದ್ದಾರಿಗೆ ಬಂದೊಡನೆ ಶೂರರಾಗುತ್ತಾರೆ. ಗಾಡಿ ನಿಲ್ಲಿಸಿ ಕೋತಿಗೆ ಬಾಳೆಹಣ್ಣು, ಜಿಂಕೆಗೆ ಬಿಸ್ಕತ್ತು, ಆನೆ ಮುಂದೆ ನಿಂತು ಸೆಲ್ಫಿ. 2025ರ ಆಗಸ್ಟಿನಲ್ಲಿ ಊಟಿ ಕಡೆಯ ರಸ್ತೆಯಲ್ಲಿ ಹೀಗೆ ಫೋಟೋ ತೆಗೆಯಲು ಹೋದ ಪ್ರವಾಸಿಗನನ್ನು ಆನೆ ಅಟ್ಟಿಸಿ ಕೆಡವಿತು. ಆಯುಸ್ಸು ಗಟ್ಟಿ, ಬದುಕಿದ. ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು.

ಒಂದು ಬಿಸ್ಕತ್ತಿನಿಂದ ಏನಾದೀತು ಎನ್ನಬೇಡಿ. ರಸ್ತೆ ಬದಿಯಲ್ಲಿ ತಿಂಡಿ ಸಿಗುತ್ತದೆಂದು ಕಲಿತ ಆನೆ ಗಾಡಿಗೆ ಅಡ್ಡ ನಿಲ್ಲುವುದನ್ನು ಕಲಿಯುತ್ತದೆ. ತರಕಾರಿ, ಕಬ್ಬಿನ ಲಾರಿ ಅಡ್ಡಗಟ್ಟುವುದನ್ನು ಕಲಿಯುತ್ತದೆ. ರುಚಿ ಹತ್ತಿದ ಬಾಯಿ ಹೊಲದ ಕಡೆ ತಿರುಗುವುದಕ್ಕೆ ಎಷ್ಟು ಹೊತ್ತು? ಪ್ರವಾಸಿ ಮಾಡಿದ ಮೋಜಿಗೆ ಕಂದಾಯ ಕಟ್ಟುವವನು ಕಾಡಂಚಿನ ರೈತ.

ಹೊಳೆ ಹೇಳುವ ಕತೆ

'ಕಾಡು ಉಳಿದರೆ ನಮಗೇನು ಲಾಭ?' ಎಂದು ಪೇಟೆಯಲ್ಲಿ ಕೂತು ಕೇಳುವವರುಂಟು. ಉತ್ತರ ನಲ್ಲಿಯಲ್ಲೇ ಬರುತ್ತಿದೆ. ಗುಂಡ್ಲುಪೇಟೆ ಸೀಮೆಯ ಬೆಟ್ಟಗಳ ನೀರು ಹೊತ್ತು ಉತ್ತರಕ್ಕೆ ಹರಿದು ಬರುವ ಗುಂಡ್ಲು ಹೊಳೆಯೇ ನಂಜನಗೂಡಿನ ಪರಶುರಾಮ ಕ್ಷೇತ್ರದ ಬಳಿ ಕಪಿಲೆಯನ್ನು ಸೇರುವ ಕೌಂಡಿನ್ಯ. ಜಾತ್ರೆಗೆ ಬಂದವರು ಸಂಗಮವೆಂದು ಕೈಮುಗಿಯುವುದು ಇದಕ್ಕೇ. ನುಗು ಹೊಳೆಯೂ ಕಾಡು ದಾಟಿ ಕಪಿಲೆಗೇ ಬಂದು ಬೀಳುತ್ತದೆ. ಕಪಿಲೆಯೇ ಬಂಡೀಪುರಕ್ಕೂ ನಾಗರಹೊಳೆಗೂ ನಡುವಣ ಗಡಿ. ವಯನಾಡಿನ ಮಳೆ, ಈ ಕಾಡುಗಳ ಒರತೆ ಎಲ್ಲ ಕೂಡಿ ನಂಜನಗೂಡು, ಸುತ್ತೂರು ಹಾದು ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ಮೂರು ವರ್ಷಕ್ಕೊಮ್ಮೆ ಕುಂಭಮೇಳದಲ್ಲಿ ಮುಳುಗು ಹಾಕುವವರ ತಲೆ ಮೇಲೆ ಬೀಳುವ ನೀರಿನಲ್ಲಿ ಬಂಡೀಪುರದ ಪಾಲೂ ಇದೆ.

ಮಳೆ ಬಿದ್ದಾಗ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುವುದು ಕಾಡಿನ ನೆಲ. ಬೋಳು ನೆಲಕ್ಕೆ ಆ ಗುಣವಿಲ್ಲ. ಬಿದ್ದದ್ದೆಲ್ಲ ಒಂದೇ ದಿನ ಓಡಿಬಿಡುತ್ತದೆ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಹದಿನಾರು ಕಾಲು ಮಂಟಪ ಮುಳುಗಿ, ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯೇ ಬಂದಾದಾಗ ನದಿಯ ಬಲ ಎಷ್ಟೆಂದು ಊರಿಗೆ ಗೊತ್ತಾಯಿತು. ಮೇಲಿನ ಕಾಡು ಬೋಳಾದರೆ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರಿ ಮರಳು. ರಸಬಾಳೆ ತೋಟವೂ ಇಲ್ಲ, ನರಸೀಪುರದ ಗದ್ದೆಯೂ ಇಲ್ಲ.

ಹೆಡಿಯಾಲದ ರಾತ್ರಿ

ಹಾಗಾದರೆ ಕಾಡು ಉಳಿಸಿದ ಲಾಭ ಹೊಳೆ ಕೆಳಗಿನ ನಮಗೆಲ್ಲ. ಕಷ್ಟ?

ಹೆಡಿಯಾಲ ಭಾಗದಲ್ಲಿ ಮುಸುಕಿನ ಜೋಳ ತೆನೆ ಕಟ್ಟುವುದೇ ತಡ, ಆನೆಗೆ ವಾಸನೆ ಮುಟ್ಟುತ್ತದೆ. ಕಂದಕ ತೋಡಿದ್ದಾಯಿತು, ಸೋಲಾರ್ ತಂತಿ ಎಳೆದದ್ದಾಯಿತು, ಹಳೇ ರೈಲು ಕಂಬಿ ನೆಟ್ಟು ಬೇಲಿ ಮಾಡಿದ್ದಾಯಿತು. ಕಂದಕಕ್ಕೆ ಮಣ್ಣು ಕುಸಿದ ಕಡೆ, ತಂತಿಯಲ್ಲಿ ಕರೆಂಟು ನಿಂತ ಕಡೆ, ಕಂಬಿ ಮುಗಿದ ಕಡೆ ಆನೆ ದಾಟುತ್ತದೆ. ಆನೆಗೆ ನಕ್ಷೆ ಬೇಕಿಲ್ಲ, ತೂತು ಹುಡುಕಲು ಅದಕ್ಕೆ ರಾತ್ರಿ ಪೂರ್ತಿ ಪುರಸೊತ್ತಿದೆ.

ಬೆಳೆ ಹೋದರೆ ಮತ್ತೆ ಬಿತ್ತಬಹುದು. 2023ರ ನವೆಂಬರಿನಲ್ಲಿ ಇದೇ ಭಾಗದಲ್ಲಿ ದನ ಮೇಯಿಸುತ್ತಿದ್ದ ಮಹಿಳೆಯೊಬ್ಬರನ್ನು ಹುಲಿ ಕೊಂದಿತು. ಕೆಲವೇ ದಿನಗಳಲ್ಲಿ ಹುಲಿಯನ್ನು ಸೆರೆ ಹಿಡಿದರು, ಆದರೆ ಹೋದ ಜೀವ ಬಂತೇ? 2025ರ ಅಕ್ಟೋಬರ್, ನವೆಂಬರಿನಲ್ಲಿ ಪಕ್ಕದ ಸರಗೂರು ಕಡೆ ರೈತರು ಹುಲಿ ಬಾಯಿಗೆ ಬಲಿಯಾದರು. ಜನ ರೊಚ್ಚಿಗೆದ್ದರು. ನವೆಂಬರಿನಲ್ಲಿ ಅರಣ್ಯ ಸಚಿವರು ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕಲು ಹಚ್ಚಬೇಕೆಂದು ಆದೇಶಿಸಿದರು.

ರೆಸಾರ್ಟಿನವರು, ಗಾಡಿಯವರು 'ನಮ್ಮ ಹೊಟ್ಟೆ ಪಾಡೇನು?' ಎಂದರು. ಅದೂ ನ್ಯಾಯವೇ. ಅಡುಗೆಯವರಿಂದ ಹಿಡಿದು ಚಾಲಕರವರೆಗೆ ಪ್ರವಾಸಿಯಿಂದಲೇ ಅನ್ನ ಕಾಣುವ ಸ್ಥಳೀಯರಿದ್ದಾರೆ. ಆದರೆ ಆ ಆದೇಶ ಒಂದು ಮಾತನ್ನು ಬಟಾಬಯಲು ಮಾಡಿತು. ಪ್ರವಾಸಿಯನ್ನು ಹೊತ್ತು ತಿರುಗುವ ಕೈಗಳೇ ರೈತನನ್ನೂ ಕಾಯಬೇಕು, ಎರಡಕ್ಕೂ ಸಾಲುವಷ್ಟು ಕೈಗಳಿಲ್ಲ!

ಕಬ್ಬಿನ ಗದ್ದೆಯಲ್ಲಿ ಚಿರತೆ

'ಕಾಡಂಚಿನವರ ಗೋಳು ನಮಗ್ಯಾಕೆ' ಎಂದು ನರಸೀಪುರದವರು ಅನ್ನುವಂತಿಲ್ಲ. ಅಲ್ಲಿ ಕಾಡೇ ಇಲ್ಲ, ಆದರೂ 2022ರ ಅಕ್ಟೋಬರಿನಿಂದ 2023ರ ಜನವರಿಯೊಳಗೆ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ವರು ಬಲಿಯಾದರು. ಅವರಲ್ಲಿ ಕಾಲೇಜು ಓದುವ ಮಕ್ಕಳೂ, ಹನ್ನೊಂದು ವರ್ಷದ ಹುಡುಗನೂ ಇದ್ದರು. ಸಂಜೆ ಆರಕ್ಕೆ ಬೀದಿಗಳು ಬಿಕೋ ಎನ್ನುತ್ತಿದ್ದ ದಿನಗಳವು. ಆಮೇಲೆ ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ರಚನೆಯಾಯಿತು.

ಆಳೆತ್ತರದ ಕಬ್ಬು ಚಿರತೆಗೆ ಕಾಡೇ. ಮರಿ ಹಾಕಲು ಮರೆ, ತಿನ್ನಲು ಬೀದಿ ನಾಯಿ, ಹಂದಿ, ಕುರಿ. ಕಬ್ಬು ಕಟಾವಾದ ದಿನ ಮನೆ ಕಳಕೊಂಡ ತಾಯಿ ಚಿರತೆ ಎತ್ತ ಹೋಗಬೇಕು? ಹಳ್ಳಿಯ ಕಡೆಗೇ. ಬಂಡೀಪುರದ ಟಿಕೆಟ್ಟು ಕೊಂಡು ಕಾಣದ ಚಿರತೆ, ಬಿಟ್ಟಿಯಾಗಿ ಹಿತ್ತಿಲಲ್ಲೇ ದರ್ಶನ ಕೊಟ್ಟರೆ ಯಾರಿಗೆ ಬೇಕು ಸ್ವಾಮಿ?

ಆಗಬೇಕಾದ್ದೇನು?

ಕಾಡು ಮುಚ್ಚಿ ಎಂಬುದು ಪರಿಹಾರವಲ್ಲ. ಪ್ರಾಣಿ ಕೊಲ್ಲಿ ಎಂಬುದಂತೂ ಅಲ್ಲವೇ ಅಲ್ಲ. ಹುಲಿಯ ಕಾಡು ಉಳಿದರೇ ಹೊಳೆ, ಹೊಳೆ ಉಳಿದರೇ ಊರು. ಆದರೆ ಕಾಡು ಕಾಯುವ ಭಾರವನ್ನು ಕಾಡಂಚಿನ ಬಡವನೊಬ್ಬನ ಹೆಗಲಿಗೇ ಹೊರಿಸಿ, ನೋಡುವ ಸುಖವನ್ನು ಮಾತ್ರ ಪೇಟೆಯವರು ಹಂಚಿಕೊಳ್ಳುವುದು ನ್ಯಾಯವಲ್ಲ.

ಸಫಾರಿ ಹಣದಲ್ಲಿ ಕಾಡಂಚಿನ ಪ್ರತಿ ಹಳ್ಳಿಗೆ ಈ ವರ್ಷ ಎಷ್ಟು ಬಂತು, ಯಾವ ಬೇಲಿಗೆ, ಯಾವ ಕಂದಕಕ್ಕೆ ಹೋಯಿತು ಎಂಬ ಲೆಕ್ಕ ಗ್ರಾಮ ಪಂಚಾಯ್ತಿ ಹಲಗೆಯ ಮೇಲೆ ಬೀಳಲಿ. ಬೆಳೆ ಪರಿಹಾರ ಮುಂದಿನ ಬಿತ್ತನೆಗೆ ಮುಂಚೆ ರೈತನ ಕೈ ಸೇರಲಿ. ಮುಸ್ಸಂಜೆಯಲ್ಲಿ ಶಾಲೆಯಿಂದ ನಡೆದು ಬರುವ ಮಕ್ಕಳಿಗೆ ಗಾಡಿ ಆಗಲಿ. ಕಬ್ಬು ಕಟಾವಿಗೆ ಮುಂಚೆ ಇಲಾಖೆಗೆ ಸುದ್ದಿ ಮುಟ್ಟಿಸುವ ಪದ್ಧತಿ ಬರಲಿ. ಇವು ದೊಡ್ಡ ಯೋಜನೆಗಳಲ್ಲ, ಮನಸ್ಸಿದ್ದರೆ ಆಗುವ ಕೆಲಸಗಳು.

ಪ್ರವಾಸಿಯ ಪಾಲಿಗೂ ಕೆಲಸವಿದೆ. ಬೀಡಿ, ಬಾಟ್ಲಿ, ಪ್ಲಾಸ್ಟಿಕ್ಕು ಮನೆಯಲ್ಲೇ ಬಿಡಿ. ರಸ್ತೆಯಲ್ಲಿ ಇಳಿಯಬೇಡಿ, ತಿನ್ನಿಸಬೇಡಿ. ಹುಲಿ ಕಾಣದಿದ್ದರೆ ಚಾಲಕನನ್ನು ಬೈಯಬೇಡಿ. ಟೀ ಅಂಗಡಿಯಲ್ಲಿ "ಕಾಣ್ತಾ?" ಎಂದು ಯಾರಾದರೂ ಕೇಳಿದರೆ, "ಕಾಣಲಿಲ್ಲ, ಒಳ್ಳೇದೇ ಆಯ್ತು. ಕಾಡಲ್ಲೇ ಇದೆ" ಎನ್ನುವಷ್ಟು ದೊಡ್ಡ ಮನಸ್ಸು ಮಾಡಿ. ಹುಲಿ ಕಾಡಿನೊಳಗೇ ಇದ್ದ ರಾತ್ರಿ ಹೆಡಿಯಾಲದವನು ಒಂದು ಗಳಿಗೆ ಕಣ್ಣು ಮುಚ್ಚುತ್ತಾನೆ.

ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ನಂಜುಂಡ 'ಹಕೀಂ ನಂಜುಂಡ' ಎನಿಸಿಕೊಂಡನೆಂಬ ಪ್ರತೀತಿ ಈ ಊರಿನದು. ಆನೆಯ ಕಣ್ಣು ತೆರೆಸಿದ ದೇವರು ಸಂಬಂಧಪಟ್ಟವರ ಕಣ್ಣನ್ನೂ, ಭಾನುವಾರದ ಪ್ರವಾಸಿಗಳ ಕಣ್ಣನ್ನೂ ಒಂದಿಷ್ಟು ತೆರೆಸಿಯಾನೇ?